ಒಂದು ಹೆಸರು, ಮೂರು ಮನೆ

ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ‘ವೆಕ್ಟರ್’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ಅದಕ್ಕೆ ಭೌತಶಾಸ್ತ್ರದ ಮೇಷ್ಟರು ಒಂದು ಅರ್ಥ ಹೇಳುತ್ತಾರೆ, ಗಣಿತದವರು ಇನ್ನೊಂದು, ಕಂಪ್ಯೂಟರ್ ಕಲಿಸುವವರು ಮತ್ತೊಂದು. ಮಕ್ಕಳು ಕಂಗೆಟ್ಟು, ತಮಗೇ ತಲೆ ಸಾಲದೆಂದು ಕೈಚೆಲ್ಲುತ್ತಾರೆ. ತಪ್ಪು ಅವರದಲ್ಲ.

ಗಣಿತದಲ್ಲಿ ಈ ಹೆಸರನ್ನು ಇಂದಿನ ಬಳಕೆಗೆ ತಂದವನು ಐರ್ಲೆಂಡಿನ ವಿಲಿಯಂ ರೋವನ್ ಹ್ಯಾಮಿಲ್ಟನ್, 1840ರ ದಶಕದಲ್ಲಿ. ಲ್ಯಾಟಿನ್ನಿನಲ್ಲಿ ‘ಹೊತ್ತೊಯ್ಯುವುದು’ ಎಂದು ಅದರ ಅರ್ಥ. ಮಲೇರಿಯವನ್ನು ಹೊತ್ತು ತರುವ ಸೊಳ್ಳೆಯನ್ನೂ ವೈದ್ಯರು ಇದೇ ಹೆಸರಿನಿಂದ ಕರೆಯುತ್ತಾರೆ.

ಮೊದಲು ಭೌತಶಾಸ್ತ್ರ. ಗಾಳಿ ಗಂಟೆಗೆ 20 ಕಿಲೋಮೀಟರು ಬೀಸುತ್ತಿದೆ ಎಂದರೆ ಸಾಲದು. ಯಾವ ಕಡೆಗೆ ಎಂದೂ ಹೇಳಬೇಕು. ಹೀಗೆ ಪರಿಮಾಣ, ದಿಕ್ಕು ಎರಡೂ ಇರುವುದರಿಂದ ಕನ್ನಡದಲ್ಲಿ ‘ಸದಿಶ’ ಎಂದರು. ಹೆಸರೇನೋ ಚೆನ್ನಾಗಿದೆ. ಆದರೆ ದಿಕ್ಕಿದ್ದುದೆಲ್ಲ ಸದಿಶವಾಗುವುದೆ?

ಒಂದು ಪುಸ್ತಕವನ್ನು ರಟ್ಟು ಮೇಲಾಗಿ, ತಲೆಭಾಗ ಆಚೆಗಿರುವಂತೆ ಮೇಜಿನ ಮೇಲೆ ಮಲಗಿಸಿರಿ. ಮಲಗಿದ ಹಾಗೆಯೇ ಬಲಕ್ಕೆ ಕಾಲು ಸುತ್ತು ತಿರುಗಿಸಿ, ಬಳಿಕ ಆಚೆಯ ಅಂಚನ್ನೆತ್ತಿ ನಿಲ್ಲಿಸಿರಿ. ರಟ್ಟು ನಿಮ್ಮನ್ನೇ ನೋಡುತ್ತದೆ. ಈಗ ಮತ್ತೆ ಮೊದಲಿನಂತೆ ಮಲಗಿಸಿ, ಮೊದಲು ಎತ್ತಿ ನಿಲ್ಲಿಸಿ, ಆಮೇಲೆ ಬಲಕ್ಕೆ ತಿರುಗಿಸಿರಿ. ರಟ್ಟು ನಿಮ್ಮ ಎಡಕ್ಕೆ ಮುಖಮಾಡುತ್ತದೆ! ಪ್ರತಿ ತಿರುವಿಗೂ ಅಳತೆಯಿದೆ, ತಿರುಗುವ ಅಕ್ಷದ ದಿಕ್ಕೂ ಇದೆ. ಆದರೂ ಕ್ರಮ ಬದಲಾದರೆ ಫಲ ಬದಲಾಗುತ್ತದೆ. ಸದಿಶಗಳನ್ನಾದರೋ ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ಒಂದೇ. ಆದ್ದರಿಂದ ಈ ತಿರುವುಗಳು ಸದಿಶಗಳಲ್ಲ.

ಗಣಿತಜ್ಞನ ಕಣ್ಣು ಇರುವುದು ಈ ಕೂಡುವ ನಿಯಮದ ಮೇಲೆಯೇ. ನಿಯಮ ತಪ್ಪದೆ ಒಂದಕ್ಕೊಂದು ಕೂಡಲು, ಸಂಖ್ಯೆಯಿಂದ ಗುಣಿಸಲು ಬರುವುದೆಲ್ಲ ಅವನಿಗೆ ವೆಕ್ಟರ್. ಇಟಲಿಯ ಪಿಯಾನೊ 1888ರಲ್ಲಿ ಇಂಥ ನಿಯಮಗಳನ್ನು ಬರೆದಿಟ್ಟನು. ನಿಮ್ಮ ರೇಡಿಯೋದಲ್ಲಿ ಹಾಡಿನ ಅಲೆಯೂ ತಂಬೂರಿಯ ಅಲೆಯೂ ಕೂಡಿ ಬರುತ್ತವೆ. ಗುಂಡಿ ತಿರುಗಿಸಿದರೆ ಅಲೆ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಲೆಕ್ಕದಲ್ಲಿ ಆ ಅಲೆಯೂ ವೆಕ್ಟರ್; ಬಾಣದ ಗುರುತು ಬೇಕಿಲ್ಲ.

ಕಂಪ್ಯೂಟರಿನವನಿಗೆ ಇಷ್ಟೂ ಬೇಡ. ಅವನ ವೆಕ್ಟರ್ ಎಂದರೆ ಸಾಮಾನ್ಯವಾಗಿ ಕ್ರಮವಾಗಿ ಜೋಡಿಸಿದ ಒಂದು ಸಾಲು. ‘ಸಿ ಪ್ಲಸ್ ಪ್ಲಸ್’ ಭಾಷೆಯಲ್ಲಿ ಆ ಸಾಲು ಬೇಕಾದಂತೆ ಬೆಳೆಯಬಲ್ಲದು. ಅದರಲ್ಲಿ ಊರುಗಳ ಹೆಸರನ್ನೂ ತುಂಬಬಹುದು. ಮೈಸೂರಿಗೆ ಧಾರವಾಡವನ್ನು ಕೂಡಿದರೆ ಎಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ.

ನಾವು ಸೋದರತ್ತೆಯನ್ನೂ ‘ಅತ್ತೆ’ ಎನ್ನುತ್ತೇವೆ, ಹೆಂಡತಿಯ ತಾಯಿಯನ್ನೂ ಹಾಗೆಯೇ ಕರೆಯುತ್ತೇವೆ. ಯಾರ ಮನೆಯಲ್ಲಿ ಕುಳಿತಿದ್ದೇವೆಂಬುದು ಗೊತ್ತಿರುವುದರಿಂದ ಗೊಂದಲವಿಲ್ಲ. ‘ವೆಕ್ಟರ್ ಎಂದರೇನು?’ ಎಂದು ಮಕ್ಕಳು ಕೇಳಿದರೆ, ‘ಯಾವ ಪಾಠದ್ದು, ಮಗು?’ ಎಂದು ಕೇಳಿರಿ. ಅರ್ಧ ಭಯ ಅಲ್ಲೇ ಕಳೆಯುತ್ತದೆ.