ಮೊದಲು ಮುಟ್ಟಿದವರೇ ಗೆದ್ದವರೇ?



ಮರೀನಾದಲ್ಲಿ ಸುಂಡಲ್ ಮೆಲ್ಲುತ್ತ ಕೂತಾಗ ಬಂದರಿನ ಕಡೆ ಬಿಳಿ ಹಾಯಿಗಳನ್ನು ನೀವೂ ಕಂಡಿರಬಹುದು. ರಾಯಲ್ ಮದ್ರಾಸ್ ಯಾಟ್ ಕ್ಲಬ್ 1911ರಷ್ಟು ಹಳೆಯದು. ಆದರೆ ಹಾಯಿದೋಣಿ ಪಂದ್ಯದಲ್ಲಿ ಗೆದ್ದವರು ಯಾರೆಂದು ದಡದಿಂದ ನೋಡಿ ಹೇಳುವುದು ಕಷ್ಟ. ನಮ್ಮ ಕಂಬಳದಲ್ಲಿ ಮಂಜೊಟ್ಟಿ ಮೊದಲು ಮುಟ್ಟಿದ ಕೋಣಗಳು ಗೆದ್ದಂತೆ, ಅಷ್ಟೇ. ಇಲ್ಲಿ ಹಾಗಲ್ಲ.

ಆಸ್ಟ್ರೇಲಿಯಾದ ಸಿಡ್ನಿ–ಹೋಬಾರ್ಟ್ ಪಂದ್ಯವನ್ನೇ ನೋಡಿ. ಮೊದಲು ಗೆರೆ ದಾಟಿದ ದೋಣಿಗೆ ಒಂದು ಗೌರವ. ದೋಣಿಯ ಗಾತ್ರ, ವೇಗಕ್ಕೆ ತಕ್ಕಂತೆ ಸಮಯ ಸರಿಹೊಂದಿಸಿದ ಮೇಲೆ ಗೆದ್ದವರಿಗೆ ಇನ್ನೊಂದು. ಎರಡನೆಯದೇ ದೊಡ್ಡದು. 1945ರ ಮೊದಲ ಪಂದ್ಯದಲ್ಲಿ ಎರಡನ್ನೂ ಬಾಚಿಕೊಂಡ ದೋಣಿಯ ಹೆಸರು ‘ರಾಣಿ’!

ಒಲಿಂಪಿಕ್ಸ್‌ನಲ್ಲಿ ಒಂದು ವಿಭಾಗದವರಿಗೆಲ್ಲ ಒಂದೇ ಬಗೆಯ ದೋಣಿ, ಹಲವು ರೇಸ್. ಮೊದಲು ಬಂದರೆ 1 ಅಂಕ, ಇಪ್ಪತ್ತನೆಯವರಿಗೆ 20. ಒಟ್ಟು ಅಂಕ ಯಾರದು ಕಡಿಮೆಯೋ ಅವರೇ ಮುಂದೆ. ಮಕ್ಕಳ ಪ್ರೋಗ್ರೆಸ್ ಕಾರ್ಡ್‌ಗೆ ತೀರಾ ಉಲ್ಟಾ. ಅತಿ ಕೆಟ್ಟ ಒಂದು ರೇಸನ್ನು ಲೆಕ್ಕದಿಂದ ಬಿಡುತ್ತಾರೆ. ಎರಡನೆಯದು ಕೆಟ್ಟರೆ ಅದು ಬೆನ್ನು ಬಿಡದು. ಸೂಚನೆಗೆ ಮೊದಲೇ ಗೆರೆ ದಾಟಿ, ಹಿಂತಿರುಗಿ ಹೊಸದಾಗಿ ಹೊರಡದಿದ್ದರೆ, ಕೊನೆಯವರಿಗಿಂತಲೂ ಹೆಚ್ಚು ಅಂಕ ತಲೆಗೆ ಬೀಳುತ್ತದೆ.

ಈ ಲೆಕ್ಕ ನಮ್ಮ ಚೆನ್ನೈ ಹುಡುಗಿಗೆ ಒಲಿದ ದಿನ ನೆನಪಿದೆಯೇ? ಬೇಸಿಗೆ ಶಿಬಿರದಲ್ಲಿ ಹಾಯಿ ಹಿಡಿದ ನೇತ್ರಾ ಕುಮನನ್, 2021ರ ಏಪ್ರಿಲ್‌ನಲ್ಲಿ ಒಮಾನ್‌ನ ಮುಸನ್ನಾದಲ್ಲಿದ್ದರು. ಕೊನೆಯ ರೇಸ್ ಇನ್ನೂ ಬಾಕಿ. ಏಷ್ಯಾದ ಅರ್ಹತೆಗೆ ಪೈಪೋಟಿ ಕೊಡುತ್ತಿದ್ದವರಿಗಿಂತ 21 ಅಂಕ ಮುಂದೆ. ಆ ಮೆಡಲ್ ರೇಸ್‌ನಲ್ಲಿ ಅಂಕ ಇಮ್ಮಡಿ. ಮೊದಲಿಗರಿಗೆ 2, ಹತ್ತನೆಯವರಿಗೆ 20. ಕೂಡಿ ಕಳೆದು ನೋಡಿ, ಹಿಂದಿನವರು ಗೆದ್ದು ಇವರು ಹತ್ತನೆಯವರಾದರೂ ಅಂತರ ತುಂಬದು! ಹೀಗೆ ರೇಸ್ ಮುಗಿಯುವ ಮೊದಲೇ, ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳಾ ಹಾಯಿಪಟುವಾದರು.

ಟೋಕಿಯೋದಲ್ಲಿ 44 ಮಂದಿಯಲ್ಲಿ 35ನೆಯವರಾದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಯಿ ಪಂದ್ಯಗಳು ಮಾರ್ಸೇಲ್ಸ್ ಕಡಲಲ್ಲಿ ನಡೆದವು. ಅಲ್ಲಿ ಮೊದಲ ರೇಸ್‌ನಲ್ಲೇ 6ನೆಯವರು. ಆಮೇಲೆ ಗಾಳಿ ಎಲ್ಲ ದಿನ ಒಂದೇ ರೀತಿ ಕೈಹಿಡಿಯಲಿಲ್ಲ. ಒಟ್ಟು ಲೆಕ್ಕದಲ್ಲಿ 21ನೇ ಸ್ಥಾನ. ಮೆಡಲ್ ರೇಸ್‌ಗೆ ಹತ್ತೇ ಮಂದಿ. ಪದಕ ಬರಲಿಲ್ಲ ನಿಜ. ಆದರೆ ಮೂರು ವರ್ಷದಲ್ಲಿ 14 ಸ್ಥಾನ ಮೇಲೇರಿದ್ದನ್ನು ಪತ್ರಿಕೆಗಳು ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬಹುದಿತ್ತು.