ಬಾಯಿ ಎಂಬ ಅಮಾನತ್ತು
(ಜುಮಾ ಪ್ರವಚನದ ಸಾರಾಂಶ)



ಕಲಿಮಾ ಉಚ್ಚರಿಸುವ, ಕುರ್‌ಆನ್ ಪಠಿಸುವ, ಸಲಾಮ್ ಹೇಳುವ ಈ ಬಾಯಿ ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್ತು. ನಮ್ಮ ಕೈಯಾರೆ ನಮ್ಮನ್ನು ವಿನಾಶಕ್ಕೆ ದೂಡಿಕೊಳ್ಳುವುದನ್ನು ಅಲ್‌ಬಕರ ಅಧ್ಯಾಯದ 195ನೇ ಸೂಕ್ತದಲ್ಲಿ ಅವನು ತಡೆದಿದ್ದಾನೆ. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದು ಮಸೀದಿಗೆ ಬರುವುದನ್ನೇ ಪ್ರವಾದಿ(ಸ)ರು ಇಷ್ಟಪಡಲಿಲ್ಲ. ಹಾಗಿರುವಾಗ ಬಾಯಲ್ಲಿದ್ದ ಗುಟ್ಕಾವನ್ನು ಮಸೀದಿಯ ಬಾಗಿಲಲ್ಲಿ ಉಗುಳಿ ಸಫ್‌ನಲ್ಲಿ ನಿಲ್ಲುವುದು ಸರಿಯೇ?

ಕಾರವಾರದ ಬೈತಖೋಲದಲ್ಲಿ, ಅಂಕೋಲೆಯ ಬೇಲೆಕೇರಿಯಲ್ಲಿ ಮೀನುಗಾರಿಕೆಗೆ ಹೋಗುವವರಿಗೂ, 66ನೇ ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿ ಓಡಿಸುವವರಿಗೂ ನಿದ್ದೆ, ಹಸಿವು ಮರೆಸಲು ಕವಳವೇ ಜೊತೆ. ಮನೆಯಲ್ಲಿ ಹಿರಿಯ ಹೆಂಗಸರ ಕೈಯಲ್ಲೂ ಎಲೆಯಡಿಕೆ ಡಬ್ಬಿ. ತಂಬಾಕು ಕೆಟ್ಟದ್ದೆಂದು ಎಲ್ಲರಿಗೂ ಗೊತ್ತು. ‘ಬರೀ ಅಡಿಕೆ ತಾನೇ’ ಎಂಬ ಸಮಾಧಾನ ಮಾತ್ರ ಹೋಗಿಲ್ಲ. ಅಡಿಕೆ ನಮ್ಮ ಜಿಲ್ಲೆಯ ಅನೇಕರಿಗೆ ಅನ್ನ ಕೊಡುವ ಬೆಳೆ, ನಿಜ. ಆದರೆ ತಂಬಾಕಿಲ್ಲದೆ ಜಗಿದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಈ ರೋಗ ಕಣ್ಣಿಗೆ ಕಾಣುವಂಥದ್ದು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಕತ್ತಿನಲ್ಲಿ ಗಂಟು – ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು. ಆರಂಭದಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ನೋವು ಬರಲೆಂದು ಕಾದವರು ತಡವಾಗಿ ತಲುಪುತ್ತಾರೆ. ಕೇರಳದ ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ಪರೀಕ್ಷಿಸಿದರು. ತಂಬಾಕು, ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ತಗ್ಗಿತೆಂದು 2005ರಲ್ಲಿ ವರದಿಯಾಯಿತು.

‘ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರೆ ರೋಗ ಹರಡುತ್ತದೆ’ ಎಂಬುದು ತಪ್ಪು ನಂಬಿಕೆ. ‘ತಕ್ದೀರ್‌ನಲ್ಲಿದ್ದಂತೆ ಆಗಲಿ’ ಎಂದು ಕೂರುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿಹಾಕಿ ನಂತರ ಭರವಸೆಯಿಡಲು ನಮಗೆ ಕಲಿಸಲಾಗಿದೆ. ಕಾರವಾರದಲ್ಲಿ ಕ್ರಿಮ್ಸ್ ಇದೆ, ಅಂಕೋಲೆಯಲ್ಲಿ ತಾಲೂಕು ಆಸ್ಪತ್ರೆಯಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಗೆ ಅವಕಾಶವಿದೆ. ಚಟ ಬಿಡಲು 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಕೊನೆಯದಾಗಿ, ಅಂಗಡಿಯಿಟ್ಟ ನಮ್ಮ ಸಹೋದರರಿಗೆ ಒಂದು ಮಾತು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಕೊಟ್ಟರೆ ಕಾನೂನಿನ ಕಣ್ಣು ತಪ್ಪಿಸಬಹುದು, ಅಲ್ಲಾಹನದ್ದಲ್ಲ. ನೆರೆಮನೆಯ ಹುಡುಗನ ಬಾಯಿ ಸುಟ್ಟ ದುಡ್ಡಿನಲ್ಲಿ ಬರಕತ್ ಎಲ್ಲಿಂದ ಬರಬೇಕು? ಜೋತುಬಿಟ್ಟ ಆ ಸರಗಳನ್ನು ಇಂದೇ ಇಳಿಸೋಣ. ಮದುವೆಯ ಪಾನ್ ತಟ್ಟೆಯಲ್ಲಿ ಖರ್ಜೂರವಿಡೋಣ. ಈ ಜುಮಾದಿಂದ ಮನೆಗೆ ಹೋಗಿ ಹೆತ್ತವರನ್ನು ಬೆಳಕಿಗೆ ಕೂರಿಸಿ, ಅವರ ಬಾಯಿಯನ್ನೊಮ್ಮೆ ನೋಡೋಣ.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ಅಮಾನತ್ತು ಕಾಯುವ ತೌಫೀಕನ್ನು ನಮಗೆಲ್ಲ ಕರುಣಿಸಲಿ. ಆಮೀನ್.