ಔಷಧವಿಲ್ಲದ ಸೂಜಿ

"ನಿಮಗೇನೂ ಆಗಿಲ್ಲ" ಎಂದರು ವೈದ್ಯರು, ಸ್ಕ್ಯಾನಿನ ವರದಿಯನ್ನು ಮಡಿಚಿಡುತ್ತ. ಸಮಾಧಾನವಾಗಬೇಕಾಗಿತ್ತು; ಆಗಲಿಲ್ಲ. ಕಿಬ್ಬೊಟ್ಟೆಯ ತಳದಲ್ಲಿ ಎರಡು ವರ್ಷದಿಂದ ಬೀಡುಬಿಟ್ಟಿದ್ದ ನೋವು ಆ ಮಾತಿಗೆ ಕದಲಲಿಲ್ಲ. ಅರ್ಧ ಗಂಟೆ ಕೂರಲಾರದ ನಾನು ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡುತ್ತಿದ್ದೆ. ಎದ್ದು ಜಾಗ ಕೊಟ್ಟವರಿಗೆ ಕಾರಣ ಹೇಳಲಾರದೆ ತಲೆ ತಗ್ಗಿಸುತ್ತಿದ್ದೆ. ಹಲ್ಲುನೋವನ್ನು ನಾಲ್ವರೆದುರು ಹೇಳಿಕೊಳ್ಳಬಹುದು. ಈ ನೋವನ್ನು ಒಡಹುಟ್ಟಿದವಳೊಡನೆ ಹೇಳಲೂ ನಾಲಿಗೆ ಏಳುವುದಿಲ್ಲ.

ಕಡೆಗೊಬ್ಬ ಫಿಸಿಯೋಥೆರಪಿಸ್ಟ್ ಕಾರಣವನ್ನು ಬೆರಳಿನಿಂದ ಹುಡುಕಿದರು. ಸೊಂಟದ ಎಲುಬುಗಳ ನಡುವೆ, ಮೂತ್ರಕೋಶ ಗರ್ಭಕೋಶಗಳಿಗೆ ತಳದ ಆಸರೆಯಾಗಿ ತೊಟ್ಟಿಲಿನಂತೆ ಹರಡಿದ ಸ್ನಾಯುಗಳಿವೆ. ಅವುಗಳ, ಮತ್ತು ಸುತ್ತಲ ಸ್ನಾಯುಗಳ, ಎಳೆಗಳು ಕೆಲವೊಮ್ಮೆ ಬಿಗಿದು ಸಡಿಲಗೊಳ್ಳುವುದನ್ನೇ ಮರೆಯುತ್ತವೆ. ಬಿಗಿದ ಎಳೆಯಲ್ಲಿ ಒಂದು ಗಂಟು. ಒತ್ತಿದರೆ ಅದರ ನೋವು ತೊಡೆಗೋ ಪೃಷ್ಠಕ್ಕೋ ಹರಿಯುತ್ತದೆ. ಸಾಮಾನ್ಯ ಸ್ಕ್ಯಾನಿನಲ್ಲಿ ಅದು ಕಾಣಿಸದು. ಈ ತೊಂದರೆ ಗಂಡಸರಿಗೂ ಉಂಟು.

ಇಂಥ ಗಂಟುಗಳ ನೋವು ಎಲ್ಲೆಲ್ಲಿಗೆ ಹರಿಯುತ್ತದೆಂದು ನಕ್ಷೆ ಬರೆದವರಲ್ಲಿ ಪ್ರಮುಖರು ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್. ಅವರು ಗಂಟಿನೊಳಗೆ ಮರಗಟ್ಟಿಸುವ ಔಷಧ ಚುಚ್ಚುತ್ತಿದ್ದರು. 1979ರಲ್ಲಿ ಪ್ರಾಗ್ ನಗರದ ಕರೆಲ್ ಲೆವಿಟ್, ಬರಿಯ ಸೂಜಿಯಿಂದ ಚಿಕಿತ್ಸೆ ಪಡೆದ 241 ರೋಗಿಗಳ ವಿವರ ಪ್ರಕಟಿಸಿದರು. ಸೂಜಿ ಅತಿ ನೋಯುವ ಬಿಂದುವನ್ನೇ ಮುಟ್ಟಿದಾಗ ನೂರಕ್ಕೆ ಸುಮಾರು 87 ಸಲ ನೋವು ಒಡನೆ ಇಳಿದಿತ್ತು. ಔಷಧವಿಲ್ಲದ್ದರಿಂದಲೇ ಇದಕ್ಕೆ 'ಡ್ರೈ ನೀಡ್ಲಿಂಗ್' ಎಂಬ ಹೆಸರು.

ಕೂದಲೆಳೆಯಂಥ ಆ ಸೂಜಿ ನನ್ನ ಪೃಷ್ಠದ ಆಳಕ್ಕಿಳಿದಾಗ ಸ್ನಾಯು ಗಾಳಕ್ಕೆ ಸಿಕ್ಕ ಮೀನಿನಂತೆ ಮಿಡುಕಿತು. ಎರಡು ದಿನ ಮೈ ನೊಂದಿತು. ಜೊತೆಗೆ ಉಸಿರನ್ನು ಕೆಳಕ್ಕಿಳಿಸಿ ಸ್ನಾಯು ಸಡಿಲಿಸುವ ಅಭ್ಯಾಸ. ಅಲ್ಲಿಯವರೆಗೆ ನಾನು ಮಾಡುತ್ತಿದ್ದುದು ಬಿಗಿಹಿಡಿಯುವ ವ್ಯಾಯಾಮ! ನಾಲ್ಕನೆಯ ಭೇಟಿಯ ನಂತರ ಊರಿನವರೆಗೆ ಕುಳಿತೇ ಬಂದೆ.

ಇದು ಪವಾಡವಲ್ಲ. ಕಿಬ್ಬೊಟ್ಟೆಯ ನೋವಿನ ಮಟ್ಟಿಗೆ ಈ ಚಿಕಿತ್ಸೆಗೆ ಪುರಾವೆ ಇನ್ನೂ ಅಲ್ಪವೇ. ಸೋಂಕು, ಗಡ್ಡೆಗಳಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಗರ್ಭಿಣಿಯರೂ ರಕ್ತ ತಿಳಿಯಾಗಿಸುವ ಮಾತ್ರೆ ಸೇವಿಸುವವರೂ ಅದನ್ನು ಮುಂಚಿತವಾಗಿ ತಿಳಿಸಬೇಕು. ಸೂಜಿ ಹಿಡಿಯುವ ಕೈ ತರಬೇತಿ ಪಡೆದದ್ದಾಗಿರಬೇಕು.

ಆದರೆ ನನಗೆ ಇಂದಿಗೂ ನೆನಪಾಗುವುದು ಸೂಜಿಗಿಂತ ಮೊದಲಿನ ಗಳಿಗೆ. ಅವರ ಬೆರಳು ಒಂದೆಡೆ ನಿಂತಿತು. "ಇಲ್ಲೇ ಅಲ್ಲವೇನಮ್ಮ?" ಎಂದರು. ಹೌದೆನ್ನಲು ದನಿ ಹೊರಡಲಿಲ್ಲ. ಎರಡು ವರ್ಷದ ಮೇಲೆ ನನ್ನ ನೋವಿಗೊಂದು ವಿಳಾಸ ಸಿಕ್ಕಿತ್ತು. ಇಂಥ ನೋವನ್ನು ಮುಚ್ಚಿಟ್ಟುಕೊಂಡು ಇದನ್ನು ಕೇಳುತ್ತಿರುವವರಿದ್ದರೆ, ಅವರಿಗೆ ನನ್ನದೊಂದೇ ಮಾತು: ನಾಚದೆ ಹೇಳಿ.